ಮನೆ ಹುಡುಕುತ್ತಿರುವ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ನೀನು ಕೇಳಿದ ಏರಿಯಾ ಬಿಟ್ಟು ಏಜೆಂಟ್ ಬೇರೆ ಕಡೆಯ ಮನೆಗಳನ್ನೇ ಕಳಿಸುತ್ತಿದ್ದಾಳೆ, "ಅಲ್ಲಿ ನಿಮ್ಮವರು ಜಾಸ್ತಿ, ನಿಮಗೆ ಹೊಂದುತ್ತೆ" ಅಂದಳು, ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು ಅಲ್ವಾ ಅಪ್ಪ ಅಂದೆ. ಇರಬಹುದು. ಆದರೂ ಅದು ತಪ್ಪು. ಬಣ್ಣ ನೋಡಿ, ಹುಟ್ಟಿದ ದೇಶ ನೋಡಿ ಒಬ್ಬರನ್ನು ಒಂದು ಬಡಾವಣೆಯ ಕಡೆ ತಿರುಗಿಸುವುದಕ್ಕೆ ಇಲ್ಲಿ ಸ್ಟಿಯರಿಂಗ್ ಅಂತಾರೆ. ಅಮೆರಿಕದ ಫೇರ್ ಹೌಸಿಂಗ್ ಕಾಯ್ದೆ 1968ರಲ್ಲೇ ಅದಕ್ಕೆ ತಡೆ ಹಾಕಿದೆ. ನಮ್ಮವರ ನಡುವೆ ಇರಬೇಕು ಅನ್ನಿಸಿದರೆ ಖಂಡಿತ ಇರು, ಆದರೆ ಅದನ್ನು ತೀರ್ಮಾನಿಸಬೇಕಾದವಳು ನೀನು.

ನಿನಗೆ ಕಲಾ ಬಾಗಾಯಿಯ ಕಥೆ ಹೇಳಬೇಕು. 1915ರಲ್ಲಿ ಗಂಡ ವೈಷ್ಣೋ ದಾಸ್ ಮತ್ತು ಮೂರು ಗಂಡುಮಕ್ಕಳ ಜೊತೆ ಪೇಶಾವರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಹೆಂಗಸು. ಆಮೇಲೆ ಬರ್ಕ್ಲಿಯಲ್ಲಿ ಒಂದು ಮನೆ ಕೊಂಡರು. ಸಾಮಾನು ತುಂಬಿಕೊಂಡು ಹೋಗಿ ನೋಡಿದರೆ ಅಕ್ಕಪಕ್ಕದವರು ಮನೆಗೆ ಬೀಗ ಜಡಿದಿದ್ದರು. ದುಡ್ಡು ಕೊಟ್ಟ ಸ್ವಂತ ಮನೆ! ಇಲ್ಲಿ ನನ್ನ ಮಕ್ಕಳಿಗೆ ಏನಾದರೂ ಮಾಡಿಬಿಡುತ್ತಾರೆ, ಬೇಡ ಅಂದಳು ಆ ತಾಯಿ. ಹಾಗೇ ಸ್ಯಾನ್ ಫ್ರಾನ್ಸಿಸ್ಕೋಗೆ ವಾಪಸ್ ಹೋದರು. 1923ರಲ್ಲಿ, ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಅನ್ನುವವರ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು, ವೈಷ್ಣೋ ದಾಸ್‌ಗೆ ಸಿಕ್ಕಿದ್ದ ಪೌರತ್ವವನ್ನೂ ಕಿತ್ತುಕೊಂಡರು, 1928ರಲ್ಲಿ ಆತ ತನ್ನ ಜೀವ ತಾನೇ ತೆಗೆದುಕೊಂಡ. ಇವತ್ತು ಅದೇ ಬರ್ಕ್ಲಿಯ ಒಂದು ರಸ್ತೆಗೆ ಕಲಾ ಬಾಗಾಯಿಯ ಹೆಸರಿದೆ. ನನಗೆ ಅದರಿಂದ ಸಮಾಧಾನ ಆಗುವುದಿಲ್ಲ, ಆದರೆ ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿರಬೇಕು.

ಈಗ ಯಾರೂ ಬೀಗ ಜಡಿಯುವುದಿಲ್ಲ. ನಗುನಗುತ್ತಾ ಕೈಕುಲುಕುತ್ತಾರೆ, ಪಟ್ಟಿ ಮಾತ್ರ ಚಿಕ್ಕದಾಗಿ ಕೊಡುತ್ತಾರೆ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆಯವರು ಇದನ್ನೇ ಪರೀಕ್ಷೆ ಮಾಡಿ 2019ರಲ್ಲಿ ಬರೆದರು. ಒಂದೇ ಥರದ ಬೇಡಿಕೆ ಇಟ್ಟುಕೊಂಡ ಇಬ್ಬರನ್ನು, ಒಬ್ಬರು ಬಿಳಿಯರು ಇನ್ನೊಬ್ಬರು ಅಲ್ಲ, ಬಚ್ಚಿಟ್ಟ ಕ್ಯಾಮೆರಾ ಜೊತೆ ಒಬ್ಬನೇ ಏಜೆಂಟ್ ಹತ್ತಿರ ಬೇರೆ ಬೇರೆಯಾಗಿ ಕಳಿಸಿದರು. ಏಷ್ಯಾದವರಿಗೆ ನೂರಕ್ಕೆ 19 ಸಲ ಬೇರೆ ರೀತಿಯ ಉಪಚಾರ. ಹಿಸ್ಪಾನಿಕ್ ಜನರಿಗೆ 39, ಕರಿಯರಿಗೆ 49. ಒಬ್ಬರನ್ನು ಸುಮ್ನೆ ಮನೆ ತೋರಿಸಲು ಕರೆದುಕೊಂಡು ಹೋಗುವವರೇ ಇನ್ನೊಬ್ಬರಿಗೆ ಮೊದಲು ಬ್ಯಾಂಕ್ ಸಾಲ ಕೊಡುತ್ತದೆ ಅನ್ನುವ ಪತ್ರ ತನ್ನಿ ಅಂದಿದ್ದೂ ಉಂಟು. ಇದರಲ್ಲಿ ನನಗೆ ಹೆಚ್ಚು ನೋವು ಕೊಡುವುದು ಏನು ಗೊತ್ತಾ? ಒಬ್ಬಳೇ ಹೋದರೆ ನಿನಗೆ ಇದು ಕಾಣುವುದೇ ಇಲ್ಲ. ಪಕ್ಕದವಳಿಗೆ ಏನು ತೋರಿಸಿದರು ಅಂತ ನಿನಗೆ ಹೇಗೆ ತಿಳಿಯಬೇಕು? ತೋರಿಸದ ಮನೆಗಾಗಿ ಯಾರೂ ಅಳುವುದಿಲ್ಲ. ನನ್ನ ಇಂಗ್ಲಿಷ್ ಸರಿ ಇಲ್ವೇನೋ, ನಾನು ಕೇಳಿದ್ದು ಜಾಸ್ತಿ ಆಯ್ತೇನೋ ಅಂತ ನಮ್ಮ ಮೇಲೇ ಹಾಕಿಕೊಳ್ಳುತ್ತೇವೆ. ನೀನು ಹಾಗೆ ಮಾಡಬೇಡ.

ಏನು ಬೇಕೋ ಮೇಲ್‌ನಲ್ಲಿ ಬರೆದು ಕೇಳು: ಇಂಥ ಏರಿಯಾ, ಇಷ್ಟು ಬೆಲೆ, ಮಾರಾಟಕ್ಕಿರುವ ಎಲ್ಲ ಮನೆಗಳೂ. ಆನ್‌ಲೈನಿನಲ್ಲಿ ನೀನೇ ಪಟ್ಟಿ ತೆಗೆದು ಅವಳದ್ದರ ಜೊತೆ ಹೋಲಿಸಿ ನೋಡು. ಅವಳು ಹೇಳಿದ ಮಾತು, ತಾರೀಖು ಬರೆದಿಟ್ಟುಕೋ. ಮಾರುವವರ ಮನಸ್ಸು ಕರಗಲಿ ಅಂತ ಮನೆಮಂದಿಯ ಫೋಟೋ ಇಟ್ಟು ಪತ್ರ ಬರೆಯುವ ರೂಢಿ ಇದೆಯಲ್ಲ, ಅದು ಬೇಡ. ನಿನ್ನ ಮುಖ ನೋಡಿ ಮನೆ ಕೊಡುವವರು ಮುಖ ನೋಡಿಯೇ ಬೇಡ ಅನ್ನಬಹುದು.

ಇನ್ನೊಂದು ಮಾತು, ಇದು ನಮ್ಮವರಿಗೂ ಸೇರಿದ್ದು. ಮನೆ ಮಾರುವಾಗ "ಕರಿಯರಿಗೆ ಬೇಡಪ್ಪ" ಅನ್ನುವ ನಮ್ಮ ಜನರ ಮಾತು ನಾನು ಕೇಳಿದ್ದೇನೆ. ಆ ಫೇರ್ ಹೌಸಿಂಗ್ ಕಾನೂನು ಕರಿಯರ ಹೋರಾಟದಿಂದ ಬಂತು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದೇ ವಾರಕ್ಕೆ ಸಹಿ ಬಿತ್ತು. ಅದರ ನೆರಳಲ್ಲಿ ನಿಂತು ಅವರನ್ನೇ ಹೊರಗಿಡುವುದನ್ನು ಕೇಳಿ ಸುಮ್ಮನೆ ಕೂರಬೇಡ.

ತೊಂದರೆ ಮುಂದುವರಿದರೆ ಏಜೆಂಟ್ ಬದಲಿಸು, ದೂರನ್ನೂ ಕೊಡು. ಕೇಂದ್ರದ ವಸತಿ ಇಲಾಖೆಗೆ, ಹಡ್ ಅಂತಾರಲ್ಲ, ಒಂದು ವರ್ಷದೊಳಗೆ ಕೊಡಬೇಕು. ಕೋರ್ಟಿಗೆ ಹೋಗಲು ಎರಡು ವರ್ಷ ಇರುತ್ತದೆ. ಮನೆ ಕೈತಪ್ಪಿದ ಬೇಸರದಲ್ಲಿ ಆ ಸಮಯ ಕಳೆದುಹೋಗದಿರಲಿ. ಅರ್ಜಿ ಬರೆಯುವಾಗ ನನಗೆ ಫೋನ್ ಮಾಡು, ಇಬ್ಬರೂ ಕೂತು ಬರೆಯೋಣ.

ನಿನ್ನ ಅಪ್ಪ