ಹೊಸನಗರವನ್ನು ಮತ್ತೆ ಹಂಚುವ ಮೊದಲು: ನಮ್ಮ ಇಬ್ಬರು ಶಾಸಕರಿಗೆ ಒಂದು ಪತ್ರ

ಸಾಗರದ ಶಾಸಕರಾದ ಬೇಳೂರು ಗೋಪಾಲಕೃಷ್ಣ ಅವರಿಗೆ ಮತ್ತು ತೀರ್ಥಹಳ್ಳಿಯ ಶಾಸಕರಾದ ಆರಗ ಜ್ಞಾನೇಂದ್ರ ಅವರಿಗೆ, ನಮಸ್ಕಾರ.

ಒಂದೇ ಪತ್ರ, ಇಬ್ಬರ ಹೆಸರಿಗೆ. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಬಿಜೆಪಿ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನವರಿಗೆ ಬೇರೆ ದಾರಿ ಇಲ್ಲ ನೋಡಿ. ರಿಪ್ಪನ್‌ಪೇಟೆ ಕಡೆಯವರ ವೋಟು ಸಾಗರಕ್ಕೆ, ನಮ್ಮ ನಗರ ಹೋಬಳಿಯವರ ವೋಟು ತೀರ್ಥಹಳ್ಳಿಗೆ. ಹೊಸನಗರ ಅನ್ನೋ ವಿಧಾನಸಭಾ ಕ್ಷೇತ್ರವೇ 2008ರಿಂದ ಇಲ್ಲ.

ಈಗ ಯಾಕೆ ಈ ಮಾತು ಅಂದರೆ, ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. 2026ರ ನಂತರದ ಮೊದಲ ಜನಗಣತಿಯ ಲೆಕ್ಕ ಬಂದ ಮೇಲೆ ಕ್ಷೇತ್ರಗಳ ಮರುವಿಂಗಡಣೆಗೆ, ಅಂದರೆ ಗಡಿಗಳನ್ನು ಹೊಸದಾಗಿ ಎಳೆಯುವುದಕ್ಕೆ, ಸಂವಿಧಾನದ ತಡೆ ಇರುವುದಿಲ್ಲ. ಗೆರೆ ಎಳೆದು ಮುಗಿದ ಮೇಲೆ ಕೂಗಾಡಿ ಏನೂ ಪ್ರಯೋಜನವಿಲ್ಲ. ಹೋದ ಸಲ ನಾವು ಮಾಡಿದ್ದು ಅದನ್ನೇ.

ನಮ್ಮದು ಎಂಥ ಕ್ಷೇತ್ರವಾಗಿತ್ತು ಅನ್ನೋದು ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಈಗಿನ ಹುಡುಗರಿಗಾಗಿ ಹೇಳುತ್ತೇನೆ. 1952ರ ಮೊದಲ ಚುನಾವಣೆಯಲ್ಲಿ ಸಾಗರ ಮತ್ತು ಹೊಸನಗರ ಸೇರಿ ಒಂದೇ ಕ್ಷೇತ್ರ. ಅದರ ಹಿಂದಿನ ವರ್ಷವಷ್ಟೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದರು. ಗೇಣಿ ಭತ್ತ ಅಳೆಯುವಾಗ ಧಣಿಗಳು ತರುವ ಕೊಳಗ ದೊಡ್ಡದು. ವರ್ಷವಿಡೀ ದುಡಿದವನ ಕಣ್ಣೆದುರೇ ಭತ್ತ ಜಾಸ್ತಿ ಹೋಗುತ್ತಿತ್ತು, ಕೇಳಿದರೆ ಗೇಣಿ ಬಿಡಿಸುವ ಬೆದರಿಕೆ. ರೈತ ಮುಖಂಡ ಗಣಪತಿಯಪ್ಪನವರು ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ಬಿಸಿಯಲ್ಲಿ ಬಂದ ಚುನಾವಣೆಯಲ್ಲಿ ಸೋಷಲಿಸ್ಟ್ ಪಾರ್ಟಿಯಿಂದ ನಿಂತು ಗೆದ್ದವರು ಶಾಂತವೇರಿ ಗೋಪಾಲಗೌಡರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಕೈಯಲ್ಲಿ ಕಾಸಿಲ್ಲ. ಚುನಾವಣೆಯಲ್ಲಿ ಅವರಿಗೆ ಜನರೇ ನೋಟೂ ಕೊಟ್ಟು ವೋಟೂ ಕೊಟ್ಟರು ಅಂತ ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. ಈಗ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅನ್ನೋದು ಬೇಡ ಬಿಡಿ. ಮುಂದೆ 1962 ಮತ್ತು 1967ರಲ್ಲಿ ಗೌಡರು ತೀರ್ಥಹಳ್ಳಿಯಿಂದ ಗೆದ್ದರು. ಅಂದರೆ ನಿಮ್ಮಿಬ್ಬರ ಕ್ಷೇತ್ರಕ್ಕೂ ಅವರು ಹಳೆಯ ಶಾಸಕರೇ.

ಆಮೇಲೆ ಹೊಸನಗರ ಬೇರೆ ಕ್ಷೇತ್ರವಾಯಿತು. ಬಿ. ಸ್ವಾಮಿರಾವ್ ಶಾಸಕರಾಗಿದ್ದರು. 1994ರಲ್ಲಿ ಆಯನೂರು ಮಂಜುನಾಥ್ ಗೆದ್ದರು. ಮುಂದೆ ಅವರು ಲೋಕಸಭೆ, ರಾಜ್ಯಸಭೆ, ವಿಧಾನ ಪರಿಷತ್ತು ಎಲ್ಲವನ್ನೂ ಕಂಡರು. 2004ರಲ್ಲಿ ಹರತಾಳು ಹಾಲಪ್ಪ ಗೆದ್ದರು. ಕೊನೆಯ ಶಾಸಕರು ಅವರೇ. ಕ್ಷೇತ್ರ ಹೋದ ಮೇಲೆ ಅವರೇನೂ ಸುಮ್ನೆ ಕೂರಲಿಲ್ಲ. 2008ರಲ್ಲಿ ಸೊರಬದಿಂದ ಗೆದ್ದರು, 2018ರಲ್ಲಿ ಸಾಗರದಿಂದ ಗೆದ್ದರು. ರಾಜಕಾರಣಿಗೆ ಕ್ಷೇತ್ರ ಹೋದರೆ ಪಕ್ಕದ ಕ್ಷೇತ್ರ ಸಿಗುತ್ತದೆ. ತಾಲೂಕು ಎಲ್ಲಿಗೆ ಹೋಗಬೇಕು?

ಎರಡು ಹೋಳಾದರೆ ಏನಾಗುತ್ತದೆ ಅಂತ ಹೊರಗಿನವರಿಗೆ ಅಷ್ಟು ಬೇಗ ಅರ್ಥವಾಗುವುದಿಲ್ಲ. ನಾನು ಮತ್ತು ರಿಪ್ಪನ್‌ಪೇಟೆ ಕಡೆಯ ನಮ್ಮ ಭಾವ ಒಂದೇ ದಿನ, ಒಂದೇ ಕಿಟಕಿಯಲ್ಲಿ ಜಮೀನಿನ ಅರ್ಜಿ ಕೊಟ್ಟೆವು. ಗುಮಾಸ್ತರು ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಎಮ್ಮೆಲ್ಲೆ ಲಿಮಿಟ್ಟು?" ಭಾವನ ಕಾಗದ ಎಡಗಡೆಯ ಕಟ್ಟಿಗೆ, ನನ್ನದು ಬಲಗಡೆಯ ಕಟ್ಟಿಗೆ. ಅವರ ತಪ್ಪೇನಿಲ್ಲ. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ಬಡವರಿಗೆ ಮನೆ, ನಿವೇಶನ ಕೊಡುವ ಆಶ್ರಯ ಸಮಿತಿಗೂ ಅವರೇ. ತಹಶೀಲ್ದಾರ್ ಒಬ್ಬರೇ, ತಾಲೂಕು ಒಂದೇ, ಆದರೆ ಕೇಳಬೇಕಾದ ಬಾಗಿಲು ಎರಡು. ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗ ಅದು ಹೋಬಳಿ ನೋಡಿಕೊಂಡು ಹರಡಲಿಲ್ಲ. ನಾವು ಮನವಿಗಳನ್ನು ಮಾತ್ರ ಹೋಬಳಿ ನೋಡಿಕೊಂಡೇ ಕೊಟ್ಟೆವು.

ಕ್ಷೇತ್ರ ಯಾಕೆ ಹೋಯಿತು? ಲೆಕ್ಕ ಸರಳ. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ, ಕ್ಷೇತ್ರಗಳು 224. ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ನಮ್ಮ ತಾಲೂಕಿನಲ್ಲಿ ಅಷ್ಟು ಜನ ಇಲ್ಲ. ಕೊಡಗಿಗೂ ಇದೇ ಗತಿ ಆಯಿತು, ಮೂರು ಇದ್ದದ್ದು ಎರಡಾಯಿತು. ಬೆಂಗಳೂರಿಗೆ ಈಗ 28.

ಆದರೆ ಇಲ್ಲಿ ಜನ ಯಾಕೆ ಕಡಿಮೆ ಅಂತ ಆ ಲೆಕ್ಕದಲ್ಲಿ ಯಾರೂ ಕೇಳಲಿಲ್ಲ. ತಾಲೂಕಿನಲ್ಲಿ ಕಾಡು ಜಾಸ್ತಿ, ಅದು ಒಂದು. ಇನ್ನೊಂದು ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರು ಸಾಗರದ ಜತೆಗೆ ನಮ್ಮ ಊರುಗಳನ್ನೂ ತಿಂದಿತು. ಅದು ಸಾಲದು ಅಂತ ವಾರಾಹಿ ನದಿಗೆ ಮಾಣಿ ಅಣೆಕಟ್ಟು, ಮೇಲೆ ಚಕ್ರಾ, ಸಾವೆಹಕ್ಕಲು ಅಣೆಕಟ್ಟುಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿಗೆ ಹೋಗಿ ನೋಡಿ. ಗದ್ದೆಯ ಅಂಚುಗಳು, ಬಾವಿ ಕಟ್ಟೆ, ಕಡಿದ ಮರಗಳ ಬೊಡ್ಡೆ ಎಲ್ಲ ಎದ್ದು ಕಾಣುತ್ತವೆ. ಅಲ್ಲಿದ್ದವರನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಿಗೆ ಬಿಟ್ಟರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿನ ಮತದಾರರು. ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ ಅನ್ನೋದು ಬೇರೆ ಮಾತು. ಶರಾವತಿಯಿಂದ 1,035 ಮೆಗಾವಾಟ್, ವಾರಾಹಿಯಿಂದ 460 ಮೆಗಾವಾಟ್ ರಾಜ್ಯಕ್ಕೆ ಹೋಗುತ್ತದೆ. ರಾಜ್ಯದ ದೀಪಕ್ಕಾಗಿ ನಮ್ಮ ಜನರನ್ನು ಎಬ್ಬಿಸಿದರು. ಆಮೇಲೆ ಜನ ಕಡಿಮೆ ಇದ್ದಾರೆ ಅಂತ ಕ್ಷೇತ್ರವನ್ನೂ ತೆಗೆದರು. ಇದು ನ್ಯಾಯವಾ, ನೀವೇ ಹೇಳಿ.

ಬೇರೆ ಕ್ಷೇತ್ರವೇ ಬೇಕು ಅಂತ ಹಟ ಹಿಡಿಯಲು ಲೆಕ್ಕ ಬಿಡುವುದಿಲ್ಲ ಅಂತ ನನಗೂ ಗೊತ್ತು. ನಾನು ಕೇಳುವುದು ಇಷ್ಟೇ, ತಾಲೂಕನ್ನು ಇಡಿಯಾಗಿ ಒಂದೇ ಕ್ಷೇತ್ರದಲ್ಲಿ ಇಡಿಸಿ. ಅದು ಸಾಗರವಾದರೂ ಸರಿ, ತೀರ್ಥಹಳ್ಳಿಯಾದರೂ ಸರಿ. ಅದರ ಹೆಸರಿನಲ್ಲಿ ಹೊಸನಗರವೂ ಇರಲಿ, 1952ರಲ್ಲಿ ಇದ್ದ ಹಾಗೆ. 2002ರ ಮರುವಿಂಗಡಣೆ ಕಾಯ್ದೆಯೇ ಜನಸಂಖ್ಯೆಯ ಜತೆಗೆ ನೆಲದ ಸ್ವರೂಪ, ಆಡಳಿತದ ಗಡಿ, ಓಡಾಟದ ಸೌಲಭ್ಯ, ಜನರ ಅನುಕೂಲ ಎಲ್ಲವನ್ನೂ ನೋಡಬೇಕು ಅಂದಿತ್ತು. ಮರುವಿಂಗಡಣೆ ಆಯೋಗದ ಜತೆ ಕೂರಲು ಕೆಲವು ಸಂಸದರು, ಶಾಸಕರನ್ನು ಸಹ ಸದಸ್ಯರನ್ನಾಗಿಯೂ ಮಾಡಿತ್ತು. ಅವರಿಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಬಾಯಿ ಇತ್ತು. ಮುಂದಿನ ಸಲವೂ ಅಂಥ ಅವಕಾಶ ಬಂದರೆ ಮಲೆನಾಡಿನಿಂದ ಒಬ್ಬರಾದರೂ ಅಲ್ಲಿ ಕೂರುವ ಹಾಗೆ ಸ್ಪೀಕರ್ ಅವರ ಹತ್ತಿರ ಈಗಲೇ ಮಾತಾಡಿ. ಆಕ್ಷೇಪಣೆ ಕೇಳುವ ಸಭೆಯನ್ನೂ ನಮ್ಮ ಜಿಲ್ಲೆಯಲ್ಲೇ ಮಾಡಿಸಿ, ಅದೂ ಮಳೆಗಾಲ ಬಿಟ್ಟು. ಜುಲೈನಲ್ಲಿ ಸಭೆ ಇಟ್ಟರೆ ಮಳೆ ಸುರಿಯುವ ನಮ್ಮ ಹುಲಿಕಲ್ ಘಾಟಿ ಕಡೆಯಿಂದ ಯಾರು ಬರುತ್ತಾರೆ?

ನನಗೆ ಬೇರೆ ಉತ್ತರ ಬರೆಯಬೇಕು ಅಂತಿಲ್ಲ. ಮುಂದಿನ ತಾಲೂಕು ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನೆಯ) ಸಭೆಗೆ ಇಬ್ಬರೂ ಒಟ್ಟಿಗೆ ಬನ್ನಿ. ಈ ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿ, ಕೆಳಗೆ ಇಬ್ಬರೂ ಸಹಿ ಹಾಕಿ.

ಇಂತಿ,
ನಗರ ಹೋಬಳಿಯ ಒಬ್ಬ ಅಡಿಕೆ ಬೆಳೆಗಾರ