ನೀಲಿ ಟಿಕ್ಕು ಆಫ್ ಮಾಡಿದ್ದೇನೆ, ಪುಟ್ಟಿ

ಪುಟ್ಟಿ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ಇಷ್ಟುದ್ದದ ಮೆಸೇಜ್ ಬಂದರೆ ನೀನು ಮೇಲಿನ ಎರಡು ಸಾಲು ಓದಿ, ಒಂದು ಹೆಬ್ಬೆರಳು ಹಾಕಿ ಮುಗಿಸುತ್ತೀಯ. ಅದಕ್ಕೇ ಕಾಗದ. ನಿನ್ನ ಫಿಸಿಕ್ಸ್ ನೋಟ್‌ಬುಕ್ಕಿನ ಕೊನೇ ಹಾಳೆ ಹರಿದಿದ್ದೇನೆ, ಸಿಟ್ಟಾಗಬೇಡ.

ಫೋನ್ ಕಸಿದುಕೊಳ್ಳುವ ಪತ್ರ ಅಲ್ಲ ಇದು. ನಮ್ಮ ಭಾಗ್ಯನಗರದ ಓಣಿಯಲ್ಲಿ ಯಾರನ್ನು ಕೇಳಿದರೂ ಮಕ್ಕಳು ಮೆಸೇಜ್ ಮಾಡಿ ಮಾಡಿ ಕೆಟ್ಟರು ಅಂತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮ್ಯಾತ್ಸ್ ಟೆಸ್ಟಿನ ಮಾರ್ಕ್ಸ್ ಬಂದ ದಿನ ನೆನಪಿದೆಯಾ? ನಾನು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ನೀನು ಪಕ್ಕದ ರೂಮಿನಲ್ಲಿ. ಫೋನಿನಲ್ಲಿ ನಿನ್ನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಬಂತು: 'ಅವ್ವ ಕಡಿಮೆ ಬಂದಿದೆ, ಈಗ ಏನೂ ಕೇಳಬೇಡ.' ನಾನು 'ಆಯ್ತು, ಊಟಕ್ಕೆ ಬಾ' ಅಂತ ಹಿಟ್ಟಿನ ಕೈಯಲ್ಲೇ ಒತ್ತಿದೆ. ನೀನು ಬಂದೆ, ಉಂಡೆ, ಆಮೇಲೆ ನೀನೇ ಎಲ್ಲಾ ಹೇಳಿದೆ. ಎದುರಿಗೆ ಬಂದು ಮೊದಲ ಮಾತು ಆಡಬೇಕಿದ್ದರೆ ಇನ್ನೂ ಎಷ್ಟು ದಿನ ಮುಚ್ಚಿಡುತ್ತಿದ್ದೆಯೋ! ನನಗೆ ನಿನ್ನ ವಯಸ್ಸಿನಲ್ಲಿ ನಿಮ್ಮಜ್ಜನಿಗೆ ಇಂಥದ್ದನ್ನು ಹೇಳುವುದಕ್ಕೆ ದಾರಿಯೇ ಇರಲಿಲ್ಲ. ಹಾಗಾಗಿ ಆ ದಾರಿ ಇರಲಿ.

ನಮ್ಮ ಕಾಲೇಜಿನ ಹೊತ್ತಿಗೆ ಎಸ್‌ಎಂಎಸ್ ಬಂದಿತ್ತು, ಆದರೆ ಕೈ ಹಿಡಿದು ಬರೆಯಬೇಕಿತ್ತು. ಒಂದಕ್ಕೆ 160 ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಲಿಪಿಯಲ್ಲಾದರೆ 70ಕ್ಕೇ ಮುಗೀತು. ಯುಗಾದಿ, ದೀಪಾವಳಿ ದಿನ ಮೆಸೇಜ್ ಪ್ಯಾಕ್ ನಡೆಯುತ್ತಿರಲಿಲ್ಲ, ಶುಭಾಶಯ ಒಂದೊಂದಕ್ಕೂ ದುಡ್ಡು ಹೋಗುತ್ತಿತ್ತು. ಬಸ್ಸಿಳಿದು ಒಂದು ಮಿಸ್ ಕಾಲ್ ಕೊಟ್ಟರೆ ಮುಗೀತು, ಮುಟ್ಟಿದ್ದೀನಿ ಅಂತ ಅರ್ಥ. ಆಮೇಲೆ ಸಂಜೆವರೆಗೆ ಯಾರೂ ಯಾರನ್ನೂ ಹುಡುಕುತ್ತಿರಲಿಲ್ಲ. ನೋಡು, ಆ ಸುಖ ನಿನಗೆ ಸಿಕ್ಕಿಲ್ಲ. ವಾಟ್ಸಾಪಿಗೆ 2014ರ ನವೆಂಬರಿನಲ್ಲಿ ನೀಲಿ ಟಿಕ್ಕು ಬಂದ ಮೇಲೆ 'ಓದಿದ್ದಾಳೆ, ಆದ್ರೂ ಉತ್ತರ ಇಲ್ಲ' ಅನ್ನುವ ಹೊಸ ಜಗಳ ಮನೆ ಮನೆಗೂ ಬಂತು. ಕ್ಲಾಸಿನಲ್ಲಿ ಕೂತವಳು ಹೇಗೆ ಉತ್ತರ ಕೊಡಬೇಕು, ಅಲ್ವಾ?

ಅದಕ್ಕೇ ನಾನು ನನ್ನ ಟಿಕ್ಕೂ ಆಫ್ ಮಾಡಿದ್ದೇನೆ, ಲಾಸ್ಟ್ ಸೀನೂ ಮುಚ್ಚಿದ್ದೇನೆ. ನಮ್ಮದು ಮುಚ್ಚಿದರೆ ಬೇರೆಯವರದ್ದೂ ನಮಗೆ ಕಾಣುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ರಾತ್ರಿ ನೀನು ಎಷ್ಟು ಹೊತ್ತಿಗೆ ಮಲಗಿದೆ ಅಂತ ಫೋನಿನಲ್ಲಿ ಪತ್ತೆ ಹಚ್ಚುವ ಕೆಲಸ ನನಗೆ ಬೇಡ, ಅದಕ್ಕಿಂತ ಹತ್ತು ಗಂಟೆಗೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಇಡೋಣ, ನಿಮ್ಮಪ್ಪ ನೈಟ್ ಶಿಫ್ಟಿಗೆ ಗಿಣಿಗೇರಿಗೆ ಹೋದ ದಿನ ಅವರದೊಂದು ಬಿಟ್ಟು. ನಿನ್ನ ಮೆಸೇಜು ತೆಗೆದು ಓದುವುದಿಲ್ಲ. ಯಾರಾದರೂ ಫೋಟೋ ಕೇಳಿದರೆ, ಹೆದರಿಸಿದರೆ ಮಾತ್ರ ಡಿಲೀಟ್ ಮಾಡದೆ ನನಗೆ ತೋರಿಸು. ಸ್ಕ್ರೀನ್‌ಶಾಟ್ ಇದ್ದರೆ ಪೊಲೀಸರಿಗೆ ಹೇಳಲು ಆಧಾರ ಇರುತ್ತದೆ. ಬಯ್ಯುವುದಿಲ್ಲ.

ಇನ್ನು ತುಂಗಭದ್ರೆ ದಂಡೆಯ ಸಾಣಾಪುರದ ವಿಷಯ. ಗೆಳತಿಯರ ಜೊತೆ ಹೋಗಲಾ ಅಂತ ನೀನು ಕೇಳಿದಾಗ ನಾನು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. 'ಬೇಡ' ಅಂತಷ್ಟೇ ಬರೆದೆ. ಅದರಲ್ಲಿ ಇದ್ದದ್ದು ಅವಸರ, ನೀನು ಓದಿದ್ದು ಸಿಟ್ಟು. ಆಮೇಲೆ ನೀನೊಂದು ಸಾಲು, ನಾನೊಂದು ಸಾಲು, ಸಂಜೆ ಮನೆಗೆ ಬಂದರೆ ಇಬ್ಬರೂ ಮುಖ ತಿರುಗಿಸಿ ಕೂತಿದ್ದೇವೆ, ಪಾಪ ಅಜ್ಜಿ ನಡುವೆ. ಆ ಕಡೆ ಹೊಳೆ ಮೇಲ್ನೋಟಕ್ಕೆ ಸುಮ್ನೆ ಇರುತ್ತದೆ, ಬಂಡೆಗಳ ಸಂದಿಯಲ್ಲಿ ಸೆಳೆತ ಜೋರು, ಈಜು ಬಂದವರನ್ನೂ ಎಳೆದಿದೆ. ಇದನ್ನೆಲ್ಲಾ ಸಾಲಿನಲ್ಲಿ ನಿಂತು ಟೈಪ್ ಮಾಡಲಾಗುತ್ತದಾ? ಬೇಡ ಅನ್ನುವ ಮಾತು, ದುಡ್ಡಿನ ಮಾತು, ಬೇಜಾರಿನ ಮಾತು ಇವು ಮೆಸೇಜಿನಲ್ಲಿ ಶುರುವಾಗಲಿ ಬೇಕಾದರೆ, ಆದರೆ ಎರಡನೇ ಸಾಲಿಗೆ ನಿಲ್ಲಿಸಿ ಫೋನ್ ಹಚ್ಚೋಣ, ಇಲ್ಲ ಎದುರು ಕೂತು ಆಡೋಣ.

ಈ ವಿಷಯದಲ್ಲಿ ಅಜ್ಜಿಯೇ ನಮಗಿಂತ ಜಾಣೆ. ಓದು ಬರಹ ಬರದಿದ್ದರೂ ಸಿಂಧನೂರಿನ ನಿಮ್ಮ ಮಾವನಿಗೆ ವಾಯ್ಸ್ ಮೆಸೇಜ್ ಹಾಕುತ್ತಾಳೆ. 'ಉಂಡೆಯೇನಪ್ಪಾ' ಅಂತ ಶುರು ಮಾಡಿದರೆ ಹಿತ್ತಲಿನ ನಾಯಿ ಬೊಗಳಿದ್ದೂ ಅದರಲ್ಲೇ ಹೋಗುತ್ತದೆ. ಅವಳ ಸಿಟ್ಟು ಯಾವುದು, ತಮಾಷೆ ಯಾವುದು ಅಂತ ಅವನಿಗೆ ಗೊತ್ತಾಗುತ್ತದೆ.

ಜನವರಿಯಲ್ಲಿ ಗವಿಮಠದ ಜಾತ್ರೆ ತೇರಿನ ದಿನ ಆ ಜನದಲ್ಲಿ ನೆಟ್‌ವರ್ಕ್ ನಂಬಬೇಡ, ಒಂದೇ ಟಿಕ್ಕಿಗೆ ನಿಲ್ಲಬಹುದು. ನೆಟ್ ಇಲ್ಲದಿದ್ದರೆ ಮಾಮೂಲಿ ಎಸ್‌ಎಂಎಸ್ ಹಾಕಿ ನೋಡು, ಅದು ಒಮ್ಮೊಮ್ಮೆ ದಾಟುತ್ತದೆ. ಅದೂ ಹೋಗದಿದ್ದರೆ ದಾಸೋಹದ ಕಡೆ ಬಾ, ನಾನು ಅಲ್ಲೇ ಇರುತ್ತೇನೆ.

ಸಾಣಾಪುರಕ್ಕೆ ಭಾನುವಾರ ನಿಮ್ಮಪ್ಪನ ಜೊತೆ ಎಲ್ಲರೂ ಹೋಗೋಣ ಅಂತಿದ್ದೇನೆ. ಗೆಳತಿಯರನ್ನೂ ಕರಿ. ನೀರಿಗೆ ಇಳಿಯುವಂತಿಲ್ಲ, ದಂಡೆಯಲ್ಲೇ. ಒಪ್ಪಿಗೆ ಇಲ್ಲದಿದ್ದರೆ ಅಡುಗೆಮನೆಗೆ ಬಂದು ಜಗಳ ಆಡು.

ನಿನ್ನ ಅವ್ವ