ವ್ಯಾನಲ್ಲಿ ಮನೆ ಇದೆ, ರಾತ್ರಿ ನಿಲ್ಲಿಸೋಕೆ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮಮ್ಮನಿಗೆ ಈಗ 79 ವರ್ಷ. ಎರಡೂ ಮಂಡಿ ಸವೆದಿದೆ, ಶುಗರ್ ಇದೆ, ಮುಕ್ಕಾಲು ಗಂಟೆಗೊಂದು ಸಲ ಬಾತ್‌ರೂಮಿಗೆ ಹೋಗ್ಲೇಬೇಕು, ಅದೂ ವೆಸ್ಟರ್ನ್ ಕಮೋಡೇ ಆಗ್ಬೇಕು. ಇದನ್ನೆಲ್ಲ ಪೇಪರಿಗೆ ಬರೀತಾರಾ ಅಂತ ನಮ್ಮನೆಯವರು ಕೇಳಿದ್ರು, ಬರೀಲೇಬೇಕು ಅಂದೆ, ಯಾಕಂದ್ರೆ ಈ ಒಂದೇ ಕಾರಣಕ್ಕೆ ನಮ್ಮಮ್ಮ ಎಂಟು ವರ್ಷದಿಂದ ಬೆಂಗಳೂರು ಬಿಟ್ಟು ಆಚೆ ಹೋಗಿರ್ಲಿಲ್ಲ. ತಂಗಿ ಮಗನ ಮದುವೆಗೆ ಹೋಗ್ಲಿಲ್ಲ, ಹುಬ್ಬಳ್ಳಿಯಲ್ಲಿ ಅಣ್ಣ ತೀರ್ಕೊಂಡಾಗ ಕೊನೇ ಸಲ ಮುಖ ನೋಡೋಕೂ ಆಗ್ಲಿಲ್ಲ. ಹೈವೇ ಪಕ್ಕದ ಟಾಯ್ಲೆಟ್ ಹೇಗಿರತ್ತೆ ಅಂತ ಯಾವ ಹೆಂಗಸನ್ನ ಬೇಕಾದ್ರೂ ಕೇಳಿ, ಬಸ್ಸು ಹತ್ತೋ ಹಿಂದಿನ ದಿನದಿಂದಲೇ ನೀರು ಕುಡಿಯೋದು ಕಮ್ಮಿ ಮಾಡೋರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಾವು ಧೈರ್ಯ ಮಾಡಿ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡ್ವಿ. ಟೆಂಪೋ ಟ್ರಾವೆಲರನ್ನೇ ಒಳಗೆಲ್ಲ ಬದಲಾಯಿಸಿರೋದು, ನಾಲ್ಕು ಜನ ಮಲಗಬಹುದು, ಎರಡು ಒಲೆ ಸ್ಟೌ, ಚಿಕ್ಕ ಫ್ರಿಜ್ಜು, ಹಿಂದುಗಡೆ ಪುಟ್ಟ ಟಾಯ್ಲೆಟ್ಟು, ಅಮ್ಮ ಹಿಡ್ಕೊಂಡು ಏಳೋಕೆ ಅಂತ ಗೋಡೆಗೆ ಸ್ಟೀಲ್ ರಾಡು. ನಾನು, ನಮ್ಮನೆಯವರು, ಅಮ್ಮ, ಜೊತೆಗೆ ಡ್ರೈವರ್. 19 ದಿನ, ಸುಮಾರು ಎರಡು ಸಾವಿರ ಕಿಲೋಮೀಟರ್. ದುಡ್ಡು ಖರ್ಚಾಯ್ತು, ಸುಳ್ಳು ಹೇಳಲ್ಲ, ಬಾಡಿಗೆ ಡೀಸೆಲ್ ಎಲ್ಲ ಸೇರಿ ಕಾರು-ಹೋಟೆಲ್ ಲೆಕ್ಕಕ್ಕಿಂತ ಜಾಸ್ತೀನೇ ಆಯ್ತು. ಹಳದಿ ಬೋರ್ಡ್ ಗಾಡಿ ಆದ್ದರಿಂದ 2025ರ ಆಗಸ್ಟ್ 15ಕ್ಕೆ 3000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸೂ ಇದಕ್ಕೆ ಬರಲ್ಲ, ಅದು ಸ್ವಂತ ಕಾರು ಜೀಪು ವ್ಯಾನಿಗೆ ಮಾತ್ರ, ಹಾಗಾಗಿ ಪ್ರತಿ ಟೋಲಲ್ಲೂ ಪೂರ್ತಿ ಕಟ್ಕೊಂಡೇ ಹೋದ್ವಿ. ಆದ್ರೂ ಈ ಖರ್ಚಿನ ಬಗ್ಗೆ ನನಗೆ ಬೇಜಾರಿಲ್ಲ.

ತುಮಕೂರು, ಚಿತ್ರದುರ್ಗ, ದಾವಣಗೆರೆ ಮೇಲೆ ಎನ್‌ಎಚ್ 48 ಹಿಡಿದು ಹುಬ್ಬಳ್ಳಿ ಸೇರಿದ್ವಿ. ದುರ್ಗದ ಕೋಟೆ ಅಮ್ಮ ಹತ್ತೋ ಹಾಗಿರ್ಲಿಲ್ಲ, ಕೆಳಗೆ ಬಾಗಿಲ ಹತ್ರ ವ್ಯಾನ್ ನಿಲ್ಲಿಸಿ ಕಿಟಕಿಯಿಂದಲೇ ಬಂಡೆಗಳನ್ನ ನೋಡ್ತಾ ಕೂತಿದ್ರು, ನಾವಿಬ್ರು ಒನಕೆ ಓಬವ್ವನ ಕಿಂಡಿವರೆಗೆ ಹೋಗಿ ಬಂದ್ವಿ. ಹುಬ್ಬಳ್ಳಿಯಲ್ಲಿ ಅತ್ತೆ ಮನೆ ಮುಂದೆ ಮೂರು ದಿನ ನಿಂತಿದ್ವಿ. ಮಾವ ಹೋದ ಮೇಲೆ ಅಮ್ಮ ಅತ್ತೆಯನ್ನ ನೋಡ್ತಿರೋದು ಅದೇ ಮೊದಲು, ಆ ಮೂರು ದಿನದ ಬಗ್ಗೆ ಇಲ್ಲಿ ಬರೆಯಲ್ಲ. ಆಮೇಲೆ ಬಾದಾಮಿ. ಮೇಣಬಸದಿ ಮೆಟ್ಟಿಲು ಆಗ್ಲಿಲ್ಲ, ಅಗಸ್ತ್ಯ ತೀರ್ಥದ ದಂಡೆ ಮೇಲೆ ಕೂತು ಭೂತನಾಥ ದೇವಸ್ಥಾನ ನೋಡಿದ್ವಿ. ಪಟ್ಟದಕಲ್ಲು ಮಾತ್ರ ಅಮ್ಮನಿಗೆ ಪೂರ್ತಿ ಸಿಕ್ತು, ಸಮತಟ್ಟು ಜಾಗ, ವೀಲ್‌ಚೇರಲ್ಲೇ ಒಂದೊಂದು ಗುಡಿ ಮುಂದೆ ನಿಲ್ಲಿಸ್ಕೊಂಡು ಹೋದ್ವಿ, ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ ಅಂತ ಗೈಡ್ ಹೇಳಿದ್ದಕ್ಕೆ ಅಮ್ಮ ಮತ್ತೆ ಹಿಂದಕ್ಕೆ ತಿರುಗಿಸ್ಕೊಂಡು ಇನ್ನೊಂದು ಸಲ ನೋಡಿದ್ರು. ಅಲ್ಲಿಂದ ವಿಜಯಪುರ, ಪಂಢರಪುರ. ಕಾರ್ತಿಕ ಏಕಾದಶಿ ರಶ್ ಮುಗಿದು ಎರಡು ದಿನ ಆಗಿತ್ತು, ಆದ್ರೂ ಜನ ಇದ್ರು. ಪುಣೆಯಲ್ಲಿ ಅಣ್ಣನ ಮಗಳ ಮನೆ, ಕೊಲ್ಲಾಪುರ, ಬೆಳಗಾವಿ, ಯಲ್ಲಾಪುರ, ಶಿರಸಿ, ಸಾಗರ.

ಸಾಗರ ಯಾಕೆ ಅಂತ ಹೇಳ್ಬೇಕು. ಅಮ್ಮನ ತವರುಮನೆ ಶರಾವತಿ ಹಿನ್ನೀರಲ್ಲಿ ಮುಳುಗಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಅಮ್ಮನಿಗೆ ಹದಿನೆಂಟು. ಮನೆ, ತೋಟ, ಗದ್ದೆ ಎಲ್ಲ ಬಿಟ್ಟು ಎದ್ದ ಕುಟುಂಬ, ಒಬ್ಬರು ಹುಬ್ಬಳ್ಳಿಗೆ, ಒಬ್ಬರು ಶಿವಮೊಗ್ಗಕ್ಕೆ, ಅಮ್ಮ ಮದುವೆಯಾಗಿ ಬೆಂಗಳೂರಿಗೆ, ಚಿಕ್ಕಮ್ಮ ಒಬ್ಬರು ಮಾತ್ರ ನೀರಿನ ಆಚೆ ದಡದಲ್ಲಿ ತುಮರಿ ಕಡೆ ಉಳಿದ್ರು. ನಾವು ನೆಂಟರ ಮನೆಗೆ ಅಂತ ಹೋಗೋ ಊರುಗಳ ಪಟ್ಟಿ ಮಾಡಿದ್ದು ನಾವಲ್ಲ, ಆ ನೀರು ಮಾಡಿದ್ದು. ಮೊದಲೆಲ್ಲ ಚಿಕ್ಕಮ್ಮನ ಮನೆಗೆ ಹೋಗ್ಬೇಕು ಅಂದ್ರೆ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯ್ಬೇಕು, ರಾತ್ರಿ ಲಾಂಚ್ ಇಲ್ಲ, ಬೇಸಿಗೆಯಲ್ಲಿ ನೀರಿಳಿದ್ರೆ ಗಾಡಿ ಹತ್ತಿಸಲ್ಲ, ಹುಷಾರಿಲ್ದಿರೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬೆಳಗಾಗೋವರೆಗೆ ಕಾದವರ ಕಥೆ ಆ ಕಡೆ ಮನೆಮನೆಯಲ್ಲೂ ಇದೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯ್ತು, ಎರಡು ಕಿಲೋಮೀಟರಿಗೂ ಉದ್ದ, ಕೇಬಲ್ ಮೇಲೆ ನಿಂತಿರೋದು. ನಮ್ಮ ವ್ಯಾನ್ ಅದರ ಮೇಲೆ ನಿಧಾನಕ್ಕೆ ಹೋಗ್ತಿದ್ದಾಗ ಅಮ್ಮ ಕಿಟಕಿ ಗಾಜು ಸರಿಸಿ ಬಲಗಡೆ ನೀರಿನ ಕಡೆ ಕೈ ತೋರಿಸಿ, ಅಲ್ಲೊಂದು ಹೊನ್ನೆ ಮರ ಇತ್ತು ಅಂದ್ರು, ಅಷ್ಟೇ. ನನಗೆ ನೀರು ಬಿಟ್ಟು ಏನೂ ಕಾಣಿಸ್ಲಿಲ್ಲ.

ಚಿಕ್ಕಮ್ಮನ ಮನೆ ದಾರಿ ಸಣ್ಣದು. ನಮ್ಮ ಗಾಡಿ ಎತ್ತರ, ಟಿವಿ ಕೇಬಲ್ಲು ಅಡ್ಡ ಬಂತು, ಚಿಕ್ಕಮ್ಮನ ಮಗ ಮಾವಿನಕಾಯಿ ಕೀಳೋ ದೋಟಿ ತಂದು ಕೇಬಲ್ಲನ್ನ ಮೇಲಕ್ಕೆತ್ತಿ ಹಿಡ್ಕೊಂಡ, ಡ್ರೈವರ್ ಒಂದೊಂದೇ ಅಡಿ ಮುಂದೆ ಬಂದ್ರು, ಹಲಸಿನ ಕೊಂಬೆ ಮೇಲೆ ತಗುಲಿ ಕರ್ ಅಂತ ಸದ್ದಾಯ್ತು. ಅಂಗಳದಲ್ಲಿ ಆಗ್ತಾನೆ ಕೊಯ್ಲು ಶುರುವಾಗಿ ಅಡಿಕೆ ಒಣಗಿಸೋಕೆ ಹಾಕಿದ್ರು, ಹಾಗಾಗಿ ಕೊಟ್ಟಿಗೆ ಪಕ್ಕ ನಿಲ್ಲಿಸಿದ್ವಿ. ಚಿಕ್ಕಮ್ಮ ಹೊರಗೆ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, "ಅಕ್ಕ, ಮನೆ ಹೊತ್ಕಂಡೇ ಬಂದ್ಯಲ್ಲೇ" ಅಂದ್ರು. ಆ ರಾತ್ರಿ ಚಿಕ್ಕಮ್ಮ ತಮ್ಮ ಮನೆಯಲ್ಲಿ ಮಲಗ್ಲಿಲ್ಲ, ದಿಂಬು ತಗೊಂಡು ವ್ಯಾನಿಗೇ ಬಂದ್ರು, ಅಕ್ಕ ತಂಗಿ ಇಬ್ರೂ ಎದುರುಬದುರು ಬರ್ತಲ್ಲಿ ಮಲಗಿ ಎರಡು ಗಂಟೆವರೆಗೂ ಮಾತಾಡಿದ್ರು, ಮಧ್ಯ ಅಮ್ಮ ಎದ್ದು ರಾಡ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗಿ ಬರೋ ಸದ್ದು, ಮತ್ತೆ ಮಾತು. ಮೂರು ದಿನ ಹೀಗೇ. ಕಮೋಡ್ ಇಲ್ಲ ಅನ್ನೋ ಒಂದು ಕಾರಣಕ್ಕೆ ಎಂಟು ವರ್ಷ ತಪ್ಪಿಹೋಗಿದ್ದ ಮಾತು ಅದು.

ಇನ್ನು ನಾನು ಈ ಪತ್ರ ಬರೀತಿರೋ ವಿಷ್ಯಕ್ಕೆ ಬರ್ತೀನಿ. ನೆಂಟರ ಮನೆ ಇದ್ದ ಊರಲ್ಲಿ ಏನೂ ತೊಂದ್ರೆ ಆಗ್ಲಿಲ್ಲ. ಉಳಿದ ರಾತ್ರಿಗಳೇ ಕಷ್ಟ. ಇಂಥ ಗಾಡಿ ರಾತ್ರಿ ನಿಲ್ಲಿಸೋಕೆ ಅಂತ ನಾವು ಹೋದ ದಾರಿ ಉದ್ದಕ್ಕೂ ಒಂದು ಜಾಗ ಸಿಗ್ಲಿಲ್ಲ. ಒಂದು ಹೋಟೆಲಲ್ಲಿ ರೂಮ್ ತಗೊಂಡ್ರೆ ಮಾತ್ರ ಪಾರ್ಕಿಂಗ್ ಅಂದ್ರು, ತಗೋತೀವಿ, ಆದ್ರೆ ವ್ಯಾನಿಗೆ ಒಂದು ಪ್ಲಗ್ ಪಾಯಿಂಟ್ ಕೊಡಿ ಅಂದಿದ್ದಕ್ಕೆ ಆಗಲ್ಲ ಅಂದ್ಬಿಟ್ರು. ಒಂದು ಪ್ರವಾಸಿ ಜಾಗದಲ್ಲಿ ಪಾರ್ಕಿಂಗ್ ಗುತ್ತಿಗೆಯವನು ಬಸ್ಸಿನ ರೇಟ್ ತಗೊಂಡು ರಾತ್ರಿ ಹತ್ತು ಗಂಟೆಗೆ ಗೇಟ್ ಹಾಕ್ಬೇಕು, ತೆಗೀರಿ ಅಂದ, ಅಮ್ಮ ಆಗಷ್ಟೇ ಮಾತ್ರೆ ತಗೊಂಡು ಮಲಗಿದ್ರು. ನಾಲ್ಕು ರಾತ್ರಿ ಪೆಟ್ರೋಲ್ ಬಂಕಲ್ಲಿ ಲಾರಿಗಳ ಮಧ್ಯ ಮಲಗಿದ್ವಿ. ಬಂಕಿನ ಹುಡುಗರು, ಲಾರಿ ಡ್ರೈವರುಗಳು ಒಳ್ಳೆಯವರು, ಒಬ್ಬರಂತೂ ಅಮ್ಮನನ್ನ ನೋಡಿ ತಮ್ಮ ಲಾರಿ ಮುಂದಕ್ಕೆ ತಗೊಂಡು ಲೈಟ್ ಹತ್ರ ಜಾಗ ಬಿಟ್ಕೊಟ್ರು, ಆದ್ರೆ ಎಲ್ಲಾ ಸಲ ಇನ್ನೊಬ್ಬರ ಒಳ್ಳೆತನದ ಮೇಲೇ ಪ್ರವಾಸ ಮಾಡೋಕಾಗಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ಗಲೀಜು. ಈ ವ್ಯಾನುಗಳಲ್ಲಿ ಟಾಯ್ಲೆಟ್ ಕೆಳಗೆ ಒಂದು ಡಬ್ಬ ಇರತ್ತೆ, ಕ್ಯಾಸೆಟ್ ಅಂತಾರೆ, ಹೆಚ್ಚುಕಮ್ಮಿ ಇಪ್ಪತ್ತು ಲೀಟರ್ ಹಿಡಿಯತ್ತೆ, ವಾಸನೆ ಬರ್ದೆ ಇರ್ಲಿ ಅಂತ ಒಳಗೆ ಕೆಮಿಕಲ್ ಹಾಕ್ತಾರೆ. ಮೂರು ಜನಕ್ಕೆ ಎರಡು ದಿನಕ್ಕೆ ತುಂಬತ್ತೆ. ಅದನ್ನ ಎಳೆದು ತೆಗೆದು ಸರಿಯಾದ ಜಾಗದಲ್ಲಿ ಸುರೀಬೇಕು, ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬೇರೆ. ನೆಂಟರ ಮನೆಯಲ್ಲಾದ್ರೆ ಅವರ ಟಾಯ್ಲೆಟ್ಟಿಗೇ ಹಾಕಿ ಎರಡು ಬಕೆಟ್ ನೀರು ಬಿಡ್ತಿದ್ವಿ. ದಾರಿಯಲ್ಲಿ? ಒಂದು ಸಲ ಬಸ್ ಸ್ಟ್ಯಾಂಡ್ ಶೌಚಾಲಯದವರ ಕೈಕಾಲು ಹಿಡಿದು, ದುಡ್ಡು ಕೊಟ್ಟು, ನಮ್ಮನೆಯವರು ಬೆಳಗ್ಗೆ ಐದಕ್ಕೆ ಆ ಡಬ್ಬ ಹೊತ್ಕೊಂಡು ಹೋದ್ರು. ನಾವೇನೋ ಹಾಗೆ ಮಾಡಿದ್ವಿ. ಘಟ್ಟದ ತಿರುವೊಂದರಲ್ಲಿ ಬೇರೊಂದು ವ್ಯಾನಿನವರು ಪೈಪ್ ಬಿಚ್ಚಿ ಎಲ್ಲಾನೂ ಹಳ್ಳಕ್ಕೆ ಬಿಡ್ತಿದ್ದಿದ್ದನ್ನ ನಾನು ಕಣ್ಣಾರೆ ನೋಡ್ದೆ, ನಿಲ್ಲಿಸಿ ಕೇಳಿದ್ರೆ, "ಎಲ್ಲಿ ಹಾಕ್ಲಿ ಮೇಡಂ, ನೀವೇ ಹೇಳಿ" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಹಳ್ಳದ ನೀರೇ ಕೆಳಗೆ ಯಾರದೋ ತೋಟಕ್ಕೆ, ಬಾವಿಗೆ ಹೋಗೋದು. ಇಂಥ ಗಾಡಿಗಳು ಈಗ ಬೆಂಗಳೂರಲ್ಲಿ ಬಾಡಿಗೆಗೆ ಸಿಗ್ತಿವೆ, ಜಾಸ್ತಿ ಆದ ಮೇಲೆ ಜಾಗ ಹುಡುಕೋಣ ಅಂದ್ರೆ ಅಷ್ಟೊತ್ತಿಗೆ ಕಾಡು ಹಿನ್ನೀರು ಎಲ್ಲ ಹಾಳಾಗಿರತ್ತೆ.

ಪಕ್ಕದ ಕೇರಳ 2021ರಲ್ಲೇ ಕ್ಯಾರವಾನ್ ಟೂರಿಸಂ ಅಂತ ಬೇರೆ ನೀತಿ ಮಾಡ್ತು, ಗಾಡಿ ಜೊತೆ ಗಾಡಿ ನಿಲ್ಲೋ ಪಾರ್ಕುಗಳನ್ನೂ ಅದರಲ್ಲಿ ಸೇರಿಸ್ತು. ನಮ್ಮಲ್ಲಿ ಹೊಸದಾಗಿ ಜಾಗ ಹುಡುಕೋದೂ ಬೇಡ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲುಗಳು ಒಳ್ಳೊಳ್ಳೆ ಜಾಗದಲ್ಲಿವೆ, ಬಾದಾಮಿಯಲ್ಲಿ ಚಾಲುಕ್ಯ, ವಿಜಯಪುರದಲ್ಲಿ ಆದಿಲ್‌ಶಾಹಿ, ಹಂಪಿ ಹತ್ರ ಕಮಲಾಪುರದಲ್ಲಿ ಭುವನೇಶ್ವರಿ, ಜೋಗದಲ್ಲಿ ಗೇರುಸೊಪ್ಪ. ಇಂಥ ಒಂದೊಂದು ಕಾಂಪೌಂಡಲ್ಲಿ ನಾಲ್ಕೇ ನಾಲ್ಕು ಗಾಡಿಗೆ ಜಾಗ ಬಿಡಿ, ಪ್ರತಿ ಜಾಗಕ್ಕೂ ಒಂದು 15 ಆಂಪ್ ಪ್ಲಗ್, ಒಂದು ಕುಡಿಯೋ ನೀರಿನ ನಲ್ಲಿ, ಒಂದು ಮೂಲೆಯಲ್ಲಿ ಕ್ಯಾಸೆಟ್ ಸುರಿಯೋಕೆ ಮುಚ್ಚಳ ಇರೋ ಚೇಂಬರ್, ಅದನ್ನ ಹೋಟೆಲಿನ ಸೆಪ್ಟಿಕ್ ಟ್ಯಾಂಕಿಗೆ ಹಾಕೋ ಮೊದಲು ಕೆಮಿಕಲ್ ಬಗ್ಗೆ ಇಂಜಿನಿಯರ್ ಹತ್ರ ಕೇಳ್ಕೊಳ್ಳಿ. ರಾತ್ರಿಗೆ ಇಷ್ಟು ಅಂತ ಚಾರ್ಜ್ ಮಾಡಿ, ಖುಷಿಯಿಂದ ಕೊಡ್ತೀವಿ, ನಾವ್ಯಾರೂ ಬಿಟ್ಟಿ ಕೇಳ್ತಿಲ್ಲ.

ಇನ್ನೊಂದು ಮಾತು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಮುಚ್ಚೋದು 2009ರಿಂದ ಇದೆ, ಪ್ರಾಣಿಗಳಿಗೋಸ್ಕರ, ಅದು ಸರಿಯಾದ ನಿಯಮ, ತೆಗೀಲೇಬಾರ್ದು. ಆದ್ರೆ ಒಂಬತ್ತು ಗಂಟೆ ಮೀರಿ ಬಂದವರು ಬೆಳಗಿನವರೆಗೆ ಎಲ್ಲಿರ್ಬೇಕು? ಗುಂಡ್ಲುಪೇಟೆ ಕಡೆ ಲೈಟು ನೀರು ಟಾಯ್ಲೆಟ್ ಇರೋ ಒಂದು ನಿಲ್ದಾಣ ಮಾಡಿದ್ರೆ ಲಾರಿಯವರಿಗೂ ಒಳ್ಳೇದು, ನಮ್ಮಂಥವರಿಗೂ ಒಳ್ಳೇದು.

ಮುಂದಿನ ಚಳಿಗಾಲದಲ್ಲಿ ಕಲಬುರಗಿ ಬೀದರ್ ಕಡೆ ಹೋಗ್ಬೇಕು ಅಂತ ಅಮ್ಮ ಈಗ್ಲೇ ಕೇಳ್ತಿದ್ದಾರೆ, ಅಲ್ಲಿ ನಮ್ಮ ದೊಡ್ಡಪ್ಪನ ಮಗಳ ಮನೆ ಇದೆ, ಈ ಸಲ ಚಿಕ್ಕಮ್ಮನೂ ಬರ್ತಾರಂತೆ, ಸಾಗರದಿಂದ ಬೆಂಗಳೂರಿಗೆ ಬರೋ ರೈಲಿನ ಟೈಮ್ ಆಗ್ಲೇ ಕೇಳಿಟ್ಕೊಂಡಿದ್ದಾರೆ. ಪ್ರವಾಸೋದ್ಯಮ ಇಲಾಖೆಯವರು ದಯವಿಟ್ಟು ಅಷ್ಟರೊಳಗೆ ಆ ದಾರಿಯಲ್ಲಿ ಒಂದೇ ಒಂದು ಜಾಗದಲ್ಲಾದ್ರೂ ಪ್ಲಗ್ಗು, ನಲ್ಲಿ, ಚೇಂಬರ್ ಮಾಡಿಸಿ. ವಿಜಯಪುರದಿಂದಲೇ ಶುರು ಮಾಡಬಹುದು.

ಒಬ್ಬ ಓದುಗಳು,
ರಾಜಾಜಿನಗರ, ಬೆಂಗಳೂರು